ಬಂದ ಕಿಡ್ನಿಯನ್ನು ಡಾಕ್ಟರ್ ಯಾಕೆ ಬೇಡ ಅಂದರು?

“ಕಿಡ್ನಿ ಬಂದಿತ್ತಂತೆ, ಡಾಕ್ಟ್ರೇ ಬೇಡ ಅಂದ್ರಂತೆ.”

ಕಸಿಗೆ ಹೆಸರು ಬರೆಸಿ ಕಾಯುತ್ತಿರುವವರಿಗೆ ತೀರಿಹೋದ ದಾನಿಯೊಬ್ಬರ ಕಿಡ್ನಿ ಬಂದರೂ ಸರ್ಜನ್ ಬೇಡ ಅನ್ನುವುದುಂಟು. ನಮ್ಮ ಡಯಾಲಿಸಿಸ್ ಯೂನಿಟ್‌ನಲ್ಲಿ ಈ ಮಾತು ಯಾರ ಬಾಯಿಂದಲಾದರೂ ಬಂದರೆ ಸಾಕು, ಆ ಶಿಫ್ಟ್ ಮುಗಿಯುವವರೆಗೂ ಅದೇ ಚರ್ಚೆ. ದುಡ್ಡಿರೋರಿಗೆ ಕೊಟ್ಟಿರ್ತಾರೆ ಬಿಡಿ ಅಂತ ಒಬ್ಬರು. ನಮ್ಮಂಥ ಹಳ್ಳಿಯವರನ್ನ ಯಾರು ಕೇಳ್ತಾರೆ ಅಂತ ಇನ್ನೊಬ್ಬರು. ನಾನು ಕೋಲಾರದಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು, ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ನಾಲ್ಕು ಗಂಟೆ ಮಷಿನ್‌ಗೆ ಕಟ್ಟಿಹಾಕಿದಂತೆ ಮಲಗಿರುವವರು ಮಾತಾಡದೆ ಇನ್ನೇನು ಮಾಡ್ತಾರೆ. ಪ್ರಶ್ನೆ ಕೊನೆಗೆ ನನ್ನ ಹತ್ತಿರವೇ ಬರುತ್ತದೆ, ಯಾಕಂದರೆ ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಬೆಂಗಳೂರಿನಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ (ಕಸಿಯ ವ್ಯವಸ್ಥೆ ನೋಡಿಕೊಳ್ಳುವವನು) ಆಗಿರುವ ಗೆಳೆಯನೊಬ್ಬ ಇದ್ದಾನೆ. ಅವನ ತಲೆ ತಿಂದು ತಿಳಿದುಕೊಂಡಿದ್ದು, ಓದಿದ್ದು, ನಮ್ಮ ಪೇಷೆಂಟ್‌ಗಳಿಗೆ ಆಗಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಕಿಡ್ನಿ ಚೆನ್ನಾಗಿದೆಯಾ ಇಲ್ವಾ ಅಂತ ಮಾತ್ರ ಸರ್ಜನ್ ನೋಡುತ್ತಾರೆ ಅಂದುಕೊಂಡರೆ ಮುಂದಿನದೇನೂ ಅರ್ಥವಾಗುವುದಿಲ್ಲ. ಅವರು ಕೇಳಿಕೊಳ್ಳುವುದು ಈ ಕಿಡ್ನಿ, ಈ ಪೇಷೆಂಟ್‌ಗೆ, ಈ ರಾತ್ರಿ, ಇನ್ನಷ್ಟು ಕಾಲ ಡಯಾಲಿಸಿಸ್‌ನಲ್ಲೇ ಕಾಯುವುದಕ್ಕಿಂತ ಮೇಲಾ ಅಂತ. ಅದೇ ಕಿಡ್ನಿಗೆ ಒಬ್ಬರ ಹೆಸರಲ್ಲಿ ಬೇಡ, ಇನ್ನೊಬ್ಬರ ಹೆಸರಲ್ಲಿ ಸರಿ ಅನ್ನುವುದು ಇದಕ್ಕೇ.

ನಮ್ಮಲ್ಲೇ ಇಬ್ಬರಿದ್ದಾರೆ. ಒಬ್ಬ ಮಾಲೂರಿನ ಹುಡುಗ, ಇನ್ನೂ 30 ಆಗಿಲ್ಲ, ಫ್ಯಾಕ್ಟರಿ ಕೆಲಸ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ಜೋಡಿಸಿದ ರಕ್ತನಾಳ) ಚೆನ್ನಾಗಿ ಓಡುತ್ತಿದೆ, ಸಕ್ಕರೆ ಕಾಯಿಲೆ ಇಲ್ಲ. ಇನ್ನೊಬ್ಬರು ಮುಳಬಾಗಿಲು ಕಡೆಯ ಯಜಮಾನರು, 60 ದಾಟಿದೆ, ಇಪ್ಪತ್ತು ವರ್ಷದ ಶುಗರ್. ಒಂದು ಕೈಯ ಫಿಸ್ಟುಲಾ ಮುಚ್ಚಿಹೋಗಿ ಇನ್ನೊಂದು ಕೈಯಲ್ಲಿ ಮಾಡಿಸಿದ್ದಾರೆ. ಈಗ ಮಿದುಳಿನ ರಕ್ತಸ್ರಾವದಿಂದ ತೀರಿಹೋದ, ಬಿ.ಪಿ. ಇದ್ದ, 58 ವರ್ಷದ ದಾನಿಯ ಕಿಡ್ನಿ ಬಂತು ಅಂತಿಟ್ಟುಕೊಳ್ಳಿ. ಆ ಕಿಡ್ನಿ ಎಳೆಯ ವಯಸ್ಸಿನವರ ಕಿಡ್ನಿಯಷ್ಟು ವರ್ಷ ಬಾಳುವುದಿಲ್ಲ. ಹುಡುಗನಿಗೆ ಹಾಕಿದರೆ ಕೆಲವು ವರ್ಷಕ್ಕೆ ಮತ್ತೆ ಡಯಾಲಿಸಿಸ್‌ಗೆ ಬರಬೇಕು. ಆ ಹೊತ್ತಿಗೆ ಅವನ ಮೈಯಲ್ಲಿ ಬೇರೆಯವರ ಅಂಗದ ಮೇಲೆ ದಾಳಿ ಮಾಡುವ ಹೊಸ ಆ್ಯಂಟಿಬಾಡಿಗಳು ಹುಟ್ಟಿರುತ್ತವೆ, ಎರಡನೇ ಕಿಡ್ನಿ ಹೊಂದುವುದು ಇನ್ನೂ ಕಷ್ಟ. ಅವನು ಕಾಯಬಲ್ಲ. ಯಜಮಾನರು ಕಾಯಲಾರರು. ಶುಗರ್ ಇದ್ದು ಡಯಾಲಿಸಿಸ್‌ನಲ್ಲಿರುವವರ ಹೃದಯ ಎಷ್ಟು ದಿನ ತಡೆಯುತ್ತದೆ ಅಂತ ನಾವು ದಿನಾ ನೋಡ್ತಾ ಇರ್ತೀವಿ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ಇಂಥ ಕಿಡ್ನಿಗೆ ಅಮೆರಿಕದಲ್ಲಿ 2002ರಲ್ಲೇ ಒಂದು ಹೆಸರು ಕೊಟ್ಟರು, ‘ಎಕ್ಸ್‌ಪ್ಯಾಂಡೆಡ್ ಕ್ರೈಟೀರಿಯಾ’ ಅಂತ. ಆಗಿನ ನಿಯಮದಲ್ಲಿ ದಾನಿಗೆ 60 ಅಥವಾ ಅದಕ್ಕೂ ಹೆಚ್ಚು ವಯಸ್ಸಾಗಿರಬೇಕಿತ್ತು. ಅಥವಾ 50ರಿಂದ 59ರೊಳಗಿದ್ದು, ಬಿ.ಪಿ., 1.5ಕ್ಕಿಂತ ಜಾಸ್ತಿ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ), ಸಾವಿಗೆ ಸ್ಟ್ರೋಕ್ ಕಾರಣ, ಈ ಮೂರರಲ್ಲಿ ಎರಡಾದರೂ ಇರಬೇಕಿತ್ತು. ಒಳ್ಳೆ ದಾನಿಯ ಕಿಡ್ನಿಗೆ ಹೋಲಿಸಿದರೆ ಇಂಥದ್ದು ಕೈಕೊಡುವ ಅಪಾಯ ಶೇ 70ರಷ್ಟು ಜಾಸ್ತಿ. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಅಲ್ಲಿಯದೇ 2005ರ ಒಂದು ಅಧ್ಯಯನ ಹೇಳಿದ್ದು ಕೇಳಿ. ಕಾಯುವ ಸಾಲು ಉದ್ದ ಇರುವ ಊರುಗಳಲ್ಲಿ, 40 ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಒಳ್ಳೆಯದಕ್ಕಾಗಿ ಕಾಯುತ್ತಾ ಕೂರುವುದಕ್ಕಿಂತ ಇಂಥ ಕಿಡ್ನಿ ಹಾಕಿಸಿಕೊಂಡರೇ ಆಯಸ್ಸು ಜಾಸ್ತಿ. ಒಂದು ಮಾತು ನೆನಪಿರಲಿ. ಆಪರೇಷನ್ ಆದ ಮೊದಲ ಕೆಲವು ತಿಂಗಳು ಡಯಾಲಿಸಿಸ್‌ಗಿಂತ ಕಸಿಯಲ್ಲೇ ಅಪಾಯ ಜಾಸ್ತಿ. ಲಾಭ ಕಾಣುವುದು ಆಮೇಲೆ.

ಸರಿ, ರಾತ್ರಿ ಏನಾಗುತ್ತದೆ?

ಎಲ್ಲೋ ಒಂದು ಐಸಿಯುನಲ್ಲಿ ಮಿದುಳು ನಿಷ್ಕ್ರಿಯವಾಗಿದೆ ಅಂತ ನಾಲ್ಕು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಸಹಿ ಹಾಕಿರುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆಯ ನಿಯಮ ಅದು. ಮನೆಯವರು ಒಪ್ಪಿದ ಮೇಲೆ ದಾನದ ಅಂಗಗಳ ಹಂಚಿಕೆ ನೋಡಿಕೊಳ್ಳುವ ನಮ್ಮ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಿಂದ ಕಸಿ ಆಸ್ಪತ್ರೆಯ ಕೋಆರ್ಡಿನೇಟರ್‌ಗೆ ಫೋನ್ ಹೋಗುತ್ತದೆ. ಅಲ್ಲಿಂದ ಸರ್ಜನ್‌ಗೆ, ನೆಫ್ರಾಲಜಿಸ್ಟ್‌ಗೆ (ಕಿಡ್ನಿ ಡಾಕ್ಟರ್). ನನ್ನ ಗೆಳೆಯನ ವಾಟ್ಸ್ಆ್ಯಪ್ ಮೆಸೇಜ್ ಹೇಗಿರುತ್ತದೆ ಅಂದರೆ, ವಯಸ್ಸು, ಬ್ಲಡ್ ಗ್ರೂಪ್, ಏನಾಗಿತ್ತು, ಬಿ.ಪಿ.-ಶುಗರ್ ಇತ್ತಾ, ಗಂಟೆಗೆ ಎಷ್ಟು ಮೂತ್ರ, ಬಿ.ಪಿ. ಎತ್ತಲು ಯಾವ ಔಷಧ ಎಷ್ಟು ಓಡುತ್ತಿದೆ, ಮಧ್ಯೆ ಹೃದಯ ನಿಂತಿತ್ತಾ, ನಿಂತಿದ್ದರೆ ಎಷ್ಟು ನಿಮಿಷ, ಜ್ವರ ಇದೆಯಾ, ಸೇರಿಸಿದ ದಿನದ ಕ್ರಿಯಾಟಿನಿನ್ ಎಷ್ಟು, ಇವತ್ತಿನದು ಎಷ್ಟು. ಅಷ್ಟೇ. ನಿದ್ದೆಗಣ್ಣಲ್ಲಿ ಇದನ್ನು ಓದಿ ಸರ್ಜನ್ ಹೂಂ ಅಥವಾ ಊಹೂಂ ಅನ್ನಬೇಕು.

ಇದರಲ್ಲಿ ಕ್ರಿಯಾಟಿನಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಪೇಷೆಂಟ್‌ಗಳೆಲ್ಲ ಆ ನಂಬರ್‌ನ ಪಂಡಿತರು. ಒಬ್ಬ ದಾನಿ 26 ವರ್ಷದವನು, ಹೈವೇಯಲ್ಲಿ ಬೈಕ್ ಬಿದ್ದು ತಲೆಗೆ ಪೆಟ್ಟು, ಸೇರಿಸಿದ ದಿನ ಕ್ರಿಯಾಟಿನಿನ್ 0.9, ಈಗ 2.4. ಇನ್ನೊಬ್ಬರು 62 ವರ್ಷದವರು, ಹಳೇ ಬಿ.ಪಿ., ಕ್ರಿಯಾಟಿನಿನ್ 1.3. ಯಾವುದು ಬೇಕು? ನಮ್ಮಲ್ಲಿ ಕೇಳಿದರೆ ಎಲ್ಲರೂ 1.3 ಅಂತಾರೆ. ಆದರೆ 26ರ ಹುಡುಗನ ಕಿಡ್ನಿಗೆ ಆಗಿರುವುದು ಎರಡು ದಿನದ ಏಟು. ಬಿ.ಪಿ. ಬಿದ್ದು ಹೋಗಿ ರಕ್ತ ಸಾಲದೆ ಕಂಗಾಲಾಗಿದೆ, ಸುಧಾರಿಸಿಕೊಳ್ಳುತ್ತದೆ. ಇಂಥ ಕಿಡ್ನಿ ಹಾಕಿದ ಮೇಲೆ ಕೆಲವು ದಿನ, ಒಮ್ಮೊಮ್ಮೆ ಎರಡು-ಮೂರು ವಾರ ಮೂತ್ರ ಸರಿಯಾಗಿ ಬರುವುದಿಲ್ಲ. ‘ಸ್ಲೀಪಿ ಕಿಡ್ನಿ’ ಅಂತಾರೆ ಡಾಕ್ಟರ್‌ಗಳು. ಆ ದಿನಗಳಲ್ಲಿ ಮತ್ತೆ ಡಯಾಲಿಸಿಸ್ ಮಾಡಬೇಕಾಗುತ್ತದೆ, ಮನೆಯವರು ಹೊರಗೆ ಅಳ್ತಾ ಕೂತಿರ್ತಾರೆ, ಕಿಡ್ನಿ ಹೋಯ್ತು ಅಂದುಕೊಂಡು. ಆಮೇಲೆ ಅದು ಎದ್ದು ಕೂತರೆ ವರ್ಷಗಟ್ಟಲೆ ನಡೆಯುತ್ತದೆ. 62ರವರದು ಹಾಗಲ್ಲ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಫಿಲ್ಟರ್‌ಗಳಿರುತ್ತವೆ. ಅವರ ಕಿಡ್ನಿಯಲ್ಲಿ ಎಷ್ಟೋ ಫಿಲ್ಟರ್ ಆಗಲೇ ಗಟ್ಟಿಯಾಗಿ ಸತ್ತಿರಬಹುದು, ಉಳಿದವು ಭಾರ ಹೊತ್ತು 1.3 ತೋರಿಸುತ್ತಿರಬಹುದು. ಸತ್ತ ಫಿಲ್ಟರ್ ಮತ್ತೆ ಹುಟ್ಟುವುದಿಲ್ಲ.

ಅನುಮಾನ ಬಂದರೆ ಕಿಡ್ನಿಯ ಒಂದು ಚೂರು ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡುತ್ತಾರೆ. ನೂರರಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಫಿಲ್ಟರ್ ಸತ್ತಿದ್ದರೆ ಬಹಳಷ್ಟು ಸರ್ಜನ್‌ಗಳು ಹಿಂದೆ ಸರಿಯುತ್ತಾರೆ. ಇದರಲ್ಲೂ ಜಗಳ ಇದೆ ಬಿಡಿ. ರಾತ್ರಿ ಹೊತ್ತು, ಅವಸರದಲ್ಲಿ ಫ್ರೀಜ್ ಮಾಡಿ ಕತ್ತರಿಸಿದ ಚೂರನ್ನು, ಕಿಡ್ನಿಯಲ್ಲೇ ಪಳಗಿರದ ಪೆಥಾಲಜಿಸ್ಟ್ ನೋಡಿ ಹೇಳಿದ್ದನ್ನು ಎಷ್ಟು ನಂಬಬೇಕು? ಕೆಲವು ಕಡೆ ಇಂಥ ಎರಡೂ ಕಿಡ್ನಿಗಳನ್ನು ಒಬ್ಬರಿಗೇ ಹಾಕುವುದೂ ಉಂಟು, ಎರಡರ ಫಿಲ್ಟರ್ ಸೇರಿ ಒಂದರ ಕೆಲಸ ಆಗಲಿ ಅಂತ.

ಫೋನ್‌ನಲ್ಲಿ ಹೂಂ ಅಂದರೂ ಮುಗಿಯಲಿಲ್ಲ. ದಾನಿಯ ಹೊಟ್ಟೆ ತೆರೆದ ಮೇಲೆಯೇ ಕೊನೆಯ ತೀರ್ಮಾನ. ಗೆಳೆಯ ಒಮ್ಮೆ ಥಿಯೇಟರ್ ಒಳಗೆ ನಿಂತು ನೋಡಿದ್ದನ್ನು ಹೇಳಿದ. ಮೊದಲು ಸರ್ಜನ್ ಕೈ ಹಾಕಿ ಎಲ್ಲ ಕಡೆ ತಡವುತ್ತಾರೆ, ಸ್ಕ್ಯಾನ್‌ನಲ್ಲಿ ಕಾಣದ ಗಡ್ಡೆ ಏನಾದರೂ ಇದೆಯಾ ಅಂತ. ಕ್ಯಾನ್ಸರ್ ಸಿಕ್ಕರೆ ಅಲ್ಲಿಗೆ ನಿಲ್ಲಿಸುವುದೇ ಹೆಚ್ಚು. ಆಮೇಲೆ ಐಸ್ ಸುರಿದು, ತಣ್ಣನೆಯ ದ್ರಾವಣವನ್ನು ರಕ್ತನಾಳದೊಳಗೆ ಬಿಡುತ್ತಾರೆ. ಕಿಡ್ನಿ ಆಗ ಕೆಂಪು ಬಿಟ್ಟು ಬೆಳ್ಳಗಾಗಬೇಕು, ಎಲ್ಲ ಕಡೆ ಒಂದೇ ಸಮ. ಅಲ್ಲಲ್ಲಿ ನೇರಳೆ ಮಚ್ಚೆ ಉಳಿದರೆ ಅಲ್ಲಿಗೆ ದ್ರಾವಣ ಹೋಗಿಲ್ಲ, ರಕ್ತ ಹೆಪ್ಪುಗಟ್ಟಿದೆ ಅಂತ. ಟ್ರೇಯಲ್ಲಿ ಇಟ್ಟುಕೊಂಡು ಮತ್ತೆ ತೊಳೆಯುತ್ತಾರೆ, ಕಾಯುತ್ತಾರೆ, ಮತ್ತೆ ನೋಡುತ್ತಾರೆ. ರಕ್ತನಾಳದ ಬಾಯಿ ತಿರುವಿ ಒಳಗೆ ಗಟ್ಟಿ ಕೊಬ್ಬಿನ ಪದರ ಇದೆಯಾ ಅಂತ ಬೆರಳ ತುದಿಯಿಂದ ಮುಟ್ಟಿ ನೋಡುತ್ತಾರೆ. ಒಂದೇ ಅಪಧಮನಿ ಇರಬೇಕಾದಲ್ಲಿ ಎರಡು-ಮೂರು ಇರುವುದೂ ಸಾಮಾನ್ಯ, ಹೆಚ್ಚುಕಮ್ಮಿ ನಾಲ್ಕು ಕಿಡ್ನಿಗೆ ಒಂದರಲ್ಲಿ. ಅದು ತಿರಸ್ಕರಿಸಲು ಕಾರಣ ಅಲ್ಲ, ಹೊಲಿಗೆ ಕೆಲಸ ಜಾಸ್ತಿ ಅಷ್ಟೇ.

ಈ ಕೆಲಸ ಮುಗಿಯುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ, ನಮ್ಮ ಪೇಷೆಂಟ್ ಅಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಊಟ ಬಿಟ್ಟು, ರಕ್ತ ಕೊಟ್ಟು, ಗೌನ್ ಹಾಕಿಕೊಂಡು ಕೂತಿರುತ್ತಾರೆ, ಮನೆಯವರು ದೇವರಿಗೆ ಹರಕೆ ಹೊತ್ತಾಗಿರುತ್ತದೆ, ಆಗ ಬಂದು ಬೇಡ ಅಂದರೆ ಯಾರಿಗೆ ತಾನೇ ತಡೆದುಕೊಳ್ಳಲು ಆಗುತ್ತದೆ ಹೇಳಿ.

ಲಿವರ್‌ನಲ್ಲಿ ಕಣ್ಣಿನ ಕೆಲಸ ಇನ್ನೂ ಜಾಸ್ತಿ. ಚೆನ್ನಾಗಿರುವ ಲಿವರ್ ಕಂದುಗೆಂಪು, ಅಂಚು ಚೂಪು, ಮುಟ್ಟಿದರೆ ಮೆತ್ತಗೆ. ಕೊಬ್ಬು ತುಂಬಿದ್ದು ಹಳದಿ ತಿರುಗಿರುತ್ತದೆ, ಅಂಚು ದುಂಡಗಾಗಿರುತ್ತದೆ. ದೊಡ್ಡ ಹನಿಗಳ ಕೊಬ್ಬು ಶೇ 30 ದಾಟಿದರೆ ಯೋಚನೆ ಶುರು, 60 ದಾಟಿದರೆ ಸಾಮಾನ್ಯವಾಗಿ ಬೇಡವೇ ಬೇಡ. ಹೊಟ್ಟೆ ಬಂದವರೆಲ್ಲ ಇಲ್ಲಿ ಒಂದು ಸಲ ತಮ್ಮ ಹೊಟ್ಟೆ ನೋಡಿಕೊಳ್ಳಬಹುದು. ಇನ್ನೊಂದು ಸೋಡಿಯಂ. ಮಿದುಳು ನಿಂತ ಮೇಲೆ ನೀರು ಹಿಡಿದಿಡುವ ಹಾರ್ಮೋನ್ ನಿಂತುಹೋಗುತ್ತದೆ, ಮೂತ್ರ ಕೊಡಗಟ್ಟಲೆ ಹೋಗುತ್ತದೆ, ಸೋಡಿಯಂ 160ರ ಹತ್ತಿರ ಏರುತ್ತದೆ, ಅದು ಲಿವರ್‌ಗೆ ಒಳ್ಳೆಯದಲ್ಲ. ಐಸಿಯುನವರು ರಾತ್ರಿಯಿಡೀ ಕೂತು ಅದೇ ಹಾರ್ಮೋನ್ ಆದ ವ್ಯಾಸೊಪ್ರೆಸಿನ್ ಕೊಟ್ಟು ಇದನ್ನು ಇಳಿಸಿದರೆ ಸಂಜೆ ಬೇಡ ಅಂದ ಲಿವರ್ ಬೆಳಗ್ಗೆ ಬೇಕಾಗುತ್ತದೆ. ದಾನಿಯನ್ನು ಕೊನೆಯವರೆಗೂ ನೋಡಿಕೊಂಡ ಐಸಿಯು ಸಿಸ್ಟರ್‌ಗಳ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ, ಗ್ರೀನ್ ಕಾರಿಡಾರ್ ಫೋಟೋ ಮಾತ್ರ ಬರುತ್ತದೆ.

ಹೃದಯಕ್ಕೆ ಅಳತೆ ಮುಖ್ಯ, ಎಕೋ (ಹೃದಯದ ಸ್ಕ್ಯಾನ್) ಮುಖ್ಯ, ಗಡಿಯಾರ ಎಲ್ಲಕ್ಕಿಂತ ಮುಖ್ಯ. ಐಸ್‌ನಲ್ಲಿಟ್ಟ ಹೃದಯಕ್ಕೆ ನಾಲ್ಕರಿಂದ ಆರು ಗಂಟೆ. ಲಿವರ್‌ಗೆ ಎಂಟರಿಂದ ಹನ್ನೆರಡು. ಕಿಡ್ನಿ ಒಂದು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ತಡೆಯುತ್ತದೆ. ಬೆಂಗಳೂರಿನವರು ಬೇಡ ಅಂದ ಕಿಡ್ನಿ ಮೈಸೂರಿಗೋ ಮಂಗಳೂರಿಗೋ ಹೋಗಲು ಸಮಯ ಇರುತ್ತದೆ, ಬೇಡ ಅಂದ ಹೃದಯಕ್ಕೆ ಅಷ್ಟು ಸಮಯ ಸಿಗುವುದು ಕಷ್ಟ.

ಸೋಂಕಿನ ವಿಷಯ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಟೆಸ್ಟ್ ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೆ ದಾನಿಯ ಮನೆಯವರನ್ನು “ಇತ್ತೀಚೆಗೆ ನಾಯಿ ಏನಾದರೂ ಕಚ್ಚಿತ್ತಾ?” ಅಂತಲೂ ಕೇಳುತ್ತಾರೆ. ದುಃಖದಲ್ಲಿರುವವರಿಗೆ ಇದೇನು ಪ್ರಶ್ನೆ ಅನ್ನಿಸುತ್ತದೆ. 2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮಿದುಳಿನ ರಕ್ತಸ್ರಾವ ಅಂದುಕೊಂಡು ಒಬ್ಬ ದಾನಿಯ ಅಂಗಗಳನ್ನು ಹಾಕಿದರು. ಅವನಿಗೆ ಬಾವಲಿ ಕಚ್ಚಿ ರೇಬಿಸ್ ಆಗಿತ್ತು. ಲಿವರ್ ಪಡೆದವರು, ಎರಡು ಕಿಡ್ನಿ ಪಡೆದವರು, ಅವನ ರಕ್ತನಾಳದ ತುಂಡು ಪಡೆದ ಇನ್ನೊಬ್ಬರು, ನಾಲ್ವರೂ ತೀರಿಕೊಂಡರು. ನಮ್ಮೂರಿನ ಬೀದಿನಾಯಿಗಳನ್ನು ನೋಡಿದರೆ ಆ ಪ್ರಶ್ನೆ ಇನ್ನೂ ಎರಡು ಸಲ ಕೇಳಲಿ ಅನ್ನಿಸುತ್ತದೆ.

ಇಲ್ಲಿಯವರೆಗೆ ಸರ್ಜನ್ ಪರ ವಾದ ಮಾಡಿದೆ. ಈಗ ಇನ್ನೊಂದು ಮಗ್ಗುಲು.

ಬೇಡ ಅನ್ನುವುದರ ಹಿಂದೆ ಯಾವಾಗಲೂ ವಿಜ್ಞಾನವೇ ಇರುತ್ತದೆ ಅಂತ ನಾನು ನಂಬುವುದಿಲ್ಲ. ಭಯವೂ ಇರುತ್ತದೆ, ಸುಸ್ತೂ ಇರುತ್ತದೆ. ಹಾಕಿದ ಕಿಡ್ನಿ ಕೈಕೊಟ್ಟರೆ ಸರ್ಜನ್ ಹೆಸರು ಕೆಡುತ್ತದೆ. ಬೇಡ ಅಂದ ಮೇಲೆ ಪೇಷೆಂಟ್ ಒಂದು ವರ್ಷ ಬಿಟ್ಟು ಡಯಾಲಿಸಿಸ್‌ನಲ್ಲೇ ತೀರಿಕೊಂಡರೆ ಆ ಸಾವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಮೆರಿಕದಲ್ಲಿ ಲೆಕ್ಕ ಹಾಕಿದಾಗ ವಾರಾಂತ್ಯದಲ್ಲಿ ಸಿಕ್ಕ ಕಿಡ್ನಿಗಳು ಬಿಸಾಡಿ ಹೋಗುವುದು ಜಾಸ್ತಿ ಅಂತ ಕಂಡುಬಂತು. ಶನಿವಾರ ಸತ್ತವನ ಕಿಡ್ನಿ ಮಂಗಳವಾರ ಸತ್ತವನದಕ್ಕಿಂತ ಹೇಗೆ ಕೆಟ್ಟದಾಗುತ್ತದೆ? 2004ರಿಂದ 2014ರವರೆಗೆ ಅಲ್ಲಿ ತೆಗೆದ ಕಿಡ್ನಿಗಳಲ್ಲಿ ಸುಮಾರು ಶೇ 18 ಬಳಕೆಯಾಗದೆ ಹೋದವು. ಅದೇ ಕಾಲದಲ್ಲಿ ಫ್ರಾನ್ಸ್‌ನಲ್ಲಿ ಸುಮಾರು ಶೇ 9. ಫ್ರಾನ್ಸ್‌ನವರು ಹಾಕಿದ ಕಿಡ್ನಿಗಳು ಎಳೆಯವರದ್ದೂ ಅಲ್ಲ, ಅಮೆರಿಕದವರಿಗಿಂತ ವಯಸ್ಸಾದ ದಾನಿಗಳದ್ದೇ ಹೆಚ್ಚು.

ನಮ್ಮ ದೇಶದಲ್ಲಿ 10 ಲಕ್ಷ ಜನಕ್ಕೆ ವರ್ಷಕ್ಕೆ ಒಬ್ಬ ದಾನಿಯೂ ಪೂರ್ತಿ ಸಿಗುವುದಿಲ್ಲ. ಇಂಥ ಕಡೆ “ಇನ್ನೊಂದು ಒಳ್ಳೇದು ಬರುತ್ತೆ ಬಿಡಿ” ಅನ್ನುವ ಮಾತಿಗೆ ಅರ್ಥ ಬೇರೆಯೇ. ಬರದೇ ಇರಬಹುದು.

ನನ್ನ ನಿಜವಾದ ತಕರಾರು ಇಷ್ಟೇ. ಈ ತೀರ್ಮಾನ ಪೇಷೆಂಟ್ ಹೆಸರಲ್ಲಿ ನಡೆಯುತ್ತದೆ, ಪೇಷೆಂಟ್‌ಗೆ ಗೊತ್ತೇ ಇರುವುದಿಲ್ಲ. ಆಸ್ಪತ್ರೆಗೆ ಕರೆಸಿ ವಾಪಸ್ ಕಳಿಸಿದ್ದು ಮಾತ್ರ ತಿಳಿಯುತ್ತದೆ. ಫೋನ್‌ನಲ್ಲೇ ಬೇಡ ಅಂದವು ಎಷ್ಟೋ. ರಾತ್ರಿ ಎರಡು ಗಂಟೆಗೆ ಎಲ್ಲರನ್ನೂ ಎಬ್ಬಿಸಿ ಕೇಳಿ ಅಂತ ನಾನು ಹೇಳುತ್ತಿಲ್ಲ, ಅದು ಆಗದ ಮಾತು. ಆದರೆ ಓಪಿಡಿಯಲ್ಲಿ ಹಗಲು ಹೊತ್ತಿನಲ್ಲಿ ಹತ್ತು ನಿಮಿಷ ಕೂತು ಮಾತಾಡಬಹುದು ಅಲ್ವಾ? ನನಗೆ ಎಷ್ಟು ವಯಸ್ಸಿನವರೆಗಿನ ದಾನಿಯ ಕಿಡ್ನಿ ಒಪ್ಪುತ್ತೀರಿ, ಬಿ.ಪಿ. ಇದ್ದವರದ್ದು ಬಂದರೆ ಏನು ಮಾಡುತ್ತೀರಿ, ನನ್ನ ಹೆಸರಿಗೆ ಬಂದು ಬೇಡ ಅಂದಿದ್ದು ಇದೆಯಾ, ಯಾಕೆ ಅಂದಿರಿ. ನಮ್ಮ ಜನ ಇದನ್ನು ಕೇಳುವುದಿಲ್ಲ. ಡಾಕ್ಟರ್ ಎದುರು ಕೂತರೆ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಮಾತ್ರೆ, ಎದ್ದು ಬಂದರು.

ಮುಳಬಾಗಿಲಿನ ಯಜಮಾನರಿಗೆ ನಾನೇ ಚೀಟಿಯಲ್ಲಿ ಬರೆದುಕೊಟ್ಟೆ. “ಕೇಳಿದ್ರೆ ಬೈತಾರೇನಪ್ಪಾ?” ಅಂದರು. ಬೈದರೆ ನನ್ನ ಹೆಸರು ಹೇಳಿ ಯಜಮಾನ್ರೇ ಅಂದೆ. ಬೈಯಲಿಲ್ಲವಂತೆ. ಇನ್ನೂ ಖುಷಿಪಟ್ಟು, ಮಗನನ್ನೂ ಒಳಗೆ ಕರೆಸಿ, ವಯಸ್ಸಾದ ದಾನಿಯ ಕಿಡ್ನಿ ಅಂದರೆ ಏನು ಲಾಭ ಏನು ಅಪಾಯ ಅಂತ ಬಿಡಿಸಿ ಹೇಳಿ, ಒಪ್ಪಿಗೆ ಇದೆ ಅಂತ ಫೈಲ್‌ನಲ್ಲಿ ಬರೆದುಕೊಂಡರಂತೆ. ಮಾಲೂರಿನ ಹುಡುಗನ ಫೈಲ್‌ನಲ್ಲಿ ಉಲ್ಟಾ, 50 ದಾಟಿದ ದಾನಿ ಸದ್ಯಕ್ಕೆ ಬೇಡ ಅಂತ. ಇಬ್ಬರದ್ದೂ ಒಂದೇ ಆಸ್ಪತ್ರೆ, ಒಂದೇ ಬ್ಲಡ್ ಗ್ರೂಪ್.

ಕೊನೆಗೆ, ಕಿಡ್ನಿ ಚೆನ್ನಾಗಿದ್ದೂ ನಮ್ಮ ಕಡೆಯಿಂದಲೇ ತಪ್ಪಿಹೋಗುವ ಕೆಲವು ಸಂಗತಿ. ಕ್ರಾಸ್‌ಮ್ಯಾಚ್ ಅಂತ ಮಾಡುತ್ತಾರೆ, ನಿಮ್ಮ ಸೀರಮ್‌ಗೆ (ರಕ್ತದ ತಿಳಿ ದ್ರವ) ದಾನಿಯ ಬಿಳಿ ರಕ್ತಕಣ ಸೇರಿಸಿ ನೋಡುವುದು. ಕಣಗಳು ಸತ್ತರೆ ಪಾಸಿಟಿವ್, ಅಂದರೆ ಆ ಕಿಡ್ನಿಯನ್ನು ಹೊಡೆಯುವ ಆ್ಯಂಟಿಬಾಡಿ ನಿಮ್ಮ ಮೈಯಲ್ಲಿ ಆಗಲೇ ಇದೆ ಅಂತ. 1969ರಲ್ಲಿ ಅಮೆರಿಕದ ಒಂದು ತಂಡ ಇದನ್ನು ತೋರಿಸಿಕೊಟ್ಟಿತು. ಪಾಸಿಟಿವ್ ಇದ್ದೂ ಹಾಕಿಸಿಕೊಂಡ 30 ಜನರಲ್ಲಿ 24 ಜನರ ಕಿಡ್ನಿ ತಕ್ಷಣವೇ ಹೋಯಿತು. ಅದಕ್ಕೇ ಒಂದು ಕಿಡ್ನಿಗೆ ಇಬ್ಬರು-ಮೂವರನ್ನು ಕರೆಸಿರುತ್ತಾರೆ. ನಿಮ್ಮದು ಪಾಸಿಟಿವ್ ಬಂದರೆ ಪಕ್ಕದವರಿಗೆ ಹೋಗುತ್ತದೆ, ಅದರಲ್ಲಿ ದುಡ್ಡಿನ ಆಟ ಏನೂ ಇಲ್ಲ. ರಕ್ತ ಹಾಕಿಸಿಕೊಂಡಷ್ಟೂ ಆ್ಯಂಟಿಬಾಡಿ ಹೆಚ್ಚುವ ಸಾಧ್ಯತೆ ಇರುತ್ತದೆ. ಹಾಗಾಗಿ ಹಿಮೋಗ್ಲೋಬಿನ್‌ಗೆ ಬರೆದುಕೊಟ್ಟ ಇಂಜೆಕ್ಷನ್ ತಪ್ಪಿಸಬೇಡಿ, ರಕ್ತ ಹಾಕಿಸಿಕೊಂಡರೆ ಕೋಆರ್ಡಿನೇಟರ್‌ಗೆ ತಿಳಿಸಿ. ಹೆರಿಗೆ ಆದ ಹೆಂಗಸರಿಗೂ ಈ ಆ್ಯಂಟಿಬಾಡಿ ಇರಬಹುದು, ಅದು ಯಾರ ಕೈಯಲ್ಲೂ ಇಲ್ಲ. ಆ ದಿನ ಜ್ವರ ಇದ್ದರೆ, ಫಿಸ್ಟುಲಾ ಹತ್ತಿರ ಕೀವು ಇದ್ದರೆ, ಆಪರೇಷನ್ ಮಾಡುವುದಿಲ್ಲ. ಸಣ್ಣ ಕೆಂಪು ಕಂಡರೂ ನಮಗೆ ತೋರಿಸಿ, ಅರಿಶಿನ ಹಚ್ಚಿಕೊಂಡು ಬರಬೇಡಿ. ಪೊಟ್ಯಾಸಿಯಂ ಏರಿದ್ದರೆ ಮೊದಲು ಡಯಾಲಿಸಿಸ್, ಆಮೇಲೆ ಥಿಯೇಟರ್. ಮಾವಿನ ಹಣ್ಣು ತಿಂದರೆ ಅದು ಏರುತ್ತದೆ, ಸೀಸನ್‌ನಲ್ಲಿ ಶ್ರೀನಿವಾಸಪುರದವರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಬಿದ್ದಿದೆ.

ಮತ್ತೆ ಫೋನ್. ಆಫರ್ ತೀರಿದಾಗಲೆಲ್ಲ ಸಿಮ್ ಬದಲಿಸುವವರು ಇದ್ದಾರೆ ನಮ್ಮಲ್ಲಿ. ಕೋಆರ್ಡಿನೇಟರ್ ಹತ್ತಿರ ಹಳೇ ನಂಬರ್ ಇದ್ದರೆ ಎರಡು-ಮೂರು ಸಲ ಮಾಡಿ ಮುಂದಿನ ಹೆಸರಿಗೆ ಹೋಗುತ್ತಾರೆ, ಅವರ ತಪ್ಪಲ್ಲ. ನಂಬರ್ ಬದಲಾದ ದಿನವೇ ಹೇಳಿ, ಜತೆಗೆ ಮನೆಯ ಇನ್ನಿಬ್ಬರ ನಂಬರ್ ಕೊಟ್ಟಿರಿ, ಅದರಲ್ಲಿ ಒಂದಾದರೂ ರಾತ್ರಿ ಸೈಲೆಂಟ್‌ಗೆ ಹಾಕದವರದ್ದು ಇರಲಿ.